ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ: ಮನೆಯಲ್ಲೇ ಮಾಡಿಕೊಳ್ಳಬೇಕಾದ ಆರೋಗ್ಯದ ತಯಾರಿ

ಝುಲ್‌ಕಅದ್ ತಿಂಗಳು ಬಂತೆಂದರೆ ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಗಾಡಿಗಳು ಹೊರಡುತ್ತವೆ. ಕೆಲವರು ಹಝ್ರತ್ ಖ್ವಾಜಾ ಬಂದೇನವಾಝ್ ಅವರ ಉರೂಸಿಗೆಂದು ಕಲಬುರಗಿಗೆ, ಕೆಲವರು ಹಜ್ಜಿಗೆ ಹೊರಟ ಹಿರಿಯರನ್ನು ಬೀಳ್ಕೊಡಲು ಬೆಂಗಳೂರಿಗೆ. ಮದುವೆ, ರಜೆಯ ಪ್ರಯಾಣಗಳೂ ಇದೇ ಕಾಲಕ್ಕೆ. ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಈ ತಿಂಗಳು ವರ್ಷ ವರ್ಷ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಉರೂಸ್ ಮೇ ತಿಂಗಳ ನಡುವೆ ಬಂದರೆ, 2026ರಲ್ಲಿ ಮೇ ಮೊದಲ ವಾರಕ್ಕೆ ಬರುತ್ತದೆ. ಅಂದರೆ ಇನ್ನೂ ಕೆಲವು ವರ್ಷ ಈ ಪ್ರಯಾಣ ಕಡು ಬಿಸಿಲಿನಲ್ಲೇ.

ಬೈಲಹೊಂಗಲದಿಂದ ಸವದತ್ತಿ, ರಾಮದುರ್ಗ, ಲೋಕಾಪುರ, ಬಾಗಲಕೋಟೆ, ವಿಜಯಪುರ, ಸಿಂದಗಿ, ಜೇವರ್ಗಿ ದಾಟಿ ಕಲಬುರಗಿ ಮುಟ್ಟಲು 350 ಕಿ.ಮೀ.ಗೂ ಹೆಚ್ಚು ದಾರಿ. ಒಂದು ಕ್ರೂಸರ್ ಬಾಡಿಗೆಗೆ ಹಿಡಿದು ಅದರಲ್ಲಿ ದಾದಿಯಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹನ್ನೆರಡು, ಹದಿನಾಲ್ಕು ಮಂದಿ ಕೂರುತ್ತಾರೆ. ಹೊರಡುವ ಮುನ್ನ ಮನೆಯ ಗಂಡಸರು ಡೀಸೆಲ್, ಸ್ಟೆಪ್ನಿ, ಜಾಕ್, ಪಾನಾಗಳ ಬಗ್ಗೆ ಚಾಲಕನನ್ನು ಕೇಳುತ್ತಾರೆ. ಕೇಳಬೇಕಾದದ್ದೇ. ಆದರೆ ಗಾಡಿ ನಿಂತ ಮೇಲಿನ ಮೂರು ನಾಲ್ಕು ಗಂಟೆ ಒಳಗೆ ಕೂತವರ ದೇಹಕ್ಕೆ ಏನಾಗುತ್ತದೆ ಎಂಬುದನ್ನು ಯಾರೂ ಯೋಚಿಸುವುದಿಲ್ಲ. ಗಾಡಿಯನ್ನು ಮಿಸ್ತ್ರಿ ಬಂದು ಸರಿ ಮಾಡುತ್ತಾನೆ. ನಿಂತಲ್ಲಿ ಕೆಟ್ಟ ಆರೋಗ್ಯ ಮಾತ್ರ ವಾರದ ನಂತರ ನಮ್ಮ ದವಾಖಾನೆಗೆ ಬರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಒಂದು ಕುಟುಂಬದ ಗಾಡಿ ಸಿಂದಗಿ ದಾಟಿದ ಮೇಲೆ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ನಿಂತಿತು. ಫ್ಯಾನ್ ಬೆಲ್ಟ್ ಹರಿದಿತ್ತು. ಊಟದ ಬುತ್ತಿ ಮುಂದೆ ಹೋದ ಇನ್ನೊಂದು ಗಾಡಿಯಲ್ಲಿತ್ತು. ಅರವತ್ತೆಂಟು ವರ್ಷದ ಅಜ್ಜಿಗೆ ಸಕ್ಕರೆ ಕಾಯಿಲೆ. ಮುಂದೆ ಊಟಕ್ಕೆ ನಿಲ್ಲುತ್ತೇವೆಂದು ಅವರು ತಮ್ಮ ಮಾತ್ರೆಯನ್ನು ಮೊದಲೇ ನುಂಗಿದ್ದರು. ಒಂದು ಗಂಟೆ ಕಳೆಯುವಷ್ಟರಲ್ಲಿ ಮೈ ಬೆವರಿತು, ಕೈ ನಡುಗಿತು, ಮಾತು ತೊದಲಿತು, ಮೊಮ್ಮಗಳ ಹೆಸರನ್ನೇ ತಪ್ಪಾಗಿ ಕರೆದರು. ಮನೆಯವರು ಬಿಸಿಲು ಬಡಿದಿದೆ ಎಂದು ತಿಳಿದು ಅಂಗಾಲಿಗೆ ಉಳ್ಳಾಗಡ್ಡಿ ತಿಕ್ಕಿದರು, ತಲೆಗೆ ನೀರು ಹಾಕಿದರು. ಬೈಕಿನಲ್ಲಿ ಹೋಗುತ್ತಿದ್ದ ಒಬ್ಬ ಯುವಕ ನಿಂತು, ಅಜ್ಜಿಗೆ ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿ, ತನ್ನ ಚೀಲದಲ್ಲಿದ್ದ ಬೆಲ್ಲದ ತುಂಡು ಕೊಟ್ಟ. ಹದಿನೈದು ನಿಮಿಷದಲ್ಲಿ ಅಜ್ಜಿ ಎದ್ದು ಕೂತರು. ಅವನು ಆ ಹೊತ್ತಿಗೆ ಬರದಿದ್ದರೆ ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ.

ರಕ್ತದಲ್ಲಿ ಸಕ್ಕರೆ ಕುಸಿಯುವುದಕ್ಕೂ ಬಿಸಿಲಿನ ಹೊಡೆತಕ್ಕೂ ಮೊದಲ ನೋಟಕ್ಕೆ ಹೋಲಿಕೆಯಿದೆ. ಎರಡರಲ್ಲೂ ಸುಸ್ತು, ತಲೆ ಸುತ್ತು, ಗೊಂದಲದ ಮಾತು. ಸಕ್ಕರೆ ಕುಸಿದಾಗ ಸಾಮಾನ್ಯವಾಗಿ ತಣ್ಣನೆಯ ಬೆವರು, ನಡುಕ, ಎದೆ ಬಡಿತ, ಹಸಿವು ಇರುತ್ತವೆ. ಬಿಸಿಲಿನ ಹೊಡೆತದಲ್ಲಿ ಮೈ ಕೆಂಡದಂತೆ ಕಾದು, ದೇಹದ ಶಾಖ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ ಅಥವಾ ದಾಟುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಯಾವುದೆಂದು ಗೊತ್ತಾಗದಿದ್ದರೆ, ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ, ಮೊದಲು ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ. ಸುಧಾರಿಸಿದ ಮೇಲೆ ರೊಟ್ಟಿಯೋ ಬಿಸ್ಕತ್ತೋ ತಿನ್ನಿಸಿ. ಸಕ್ಕರೆ ಹೆಚ್ಚಿದ್ದವರಿಗೆ ಇಷ್ಟರಿಂದ ದೊಡ್ಡ ಹಾನಿಯಿಲ್ಲ, ಕುಸಿದವರಿಗೆ ಇದೇ ಜೀವ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಝಮ್‌ಝಮ್ ನೀರನ್ನೂ ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಇದರಿಂದ ಕಲಿಯಬೇಕಾದ ತಯಾರಿ ಸಣ್ಣದು. ಸಕ್ಕರೆ ಕಾಯಿಲೆಯವರು ಊಟ ಕಣ್ಣೆದುರಿಗೆ ಬರುವವರೆಗೆ ಊಟಕ್ಕೆ ಮುಂಚಿನ ಮಾತ್ರೆ ನುಂಗಬಾರದು, ಇನ್ಸುಲಿನ್ ಚುಚ್ಚಿಕೊಳ್ಳಬಾರದು. ಅವರ ಬುತ್ತಿ ಅವರ ಜೊತೆಗೇ, ಅವರದೇ ಗಾಡಿಯಲ್ಲಿ, ಕೈಗೆ ಸಿಗುವಲ್ಲಿರಬೇಕು.

ಔಷಧಿಯ ಚೀಲ ಕ್ಯಾರಿಯರ್ ಮೇಲೆ ಬೇಡ

ನಮ್ಮ ಕಡೆ ಸಾಮಾನು ಕಟ್ಟುವ ರೀತಿ ನಿಮಗೆ ಗೊತ್ತು. ಹಾಸಿಗೆ, ಪಾತ್ರೆ, ಬಟ್ಟೆಯ ಸೂಟ್‌ಕೇಸು ಎಲ್ಲ ಕ್ಯಾರಿಯರ್ ಮೇಲೆ ಏರಿಸಿ, ತಾಡಪತ್ರಿ ಹೊದಿಸಿ ಹಗ್ಗ ಬಿಗಿಯುತ್ತಾರೆ. ಅಬ್ಬಾ ಅವರ ಬಿ.ಪಿ. ಮಾತ್ರೆ ಆ ಸೂಟ್‌ಕೇಸಿನ ತಳದಲ್ಲಿರುತ್ತದೆ. ಗಾಡಿ ನಿಂತಾಗ ಅದನ್ನು ಬಿಚ್ಚುವವರಿಲ್ಲ. ಎರಡು ದಿನಕ್ಕೆ ಹೆಚ್ಚಾಗುವಷ್ಟು ಮಾತ್ರೆಗಳನ್ನು ಚೀಟಿಯ ಸಮೇತ ಒಂದು ಕೈಚೀಲದಲ್ಲಿ ಹಾಕಿ, ಮನೆಯ ಒಬ್ಬ ಹೆಣ್ಣುಮಗಳ ಮಡಿಲಲ್ಲಿರಲಿ. ದಮ್ಮು ಇರುವವರ ಇನ್ಹೇಲರ್ ಅವರ ಜೇಬಿನಲ್ಲೇ ಇರಬೇಕು. ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರೆ ಬಿಸಿಲಿಗೆ ಕಾದು ಸಿಡಿಯಬಹುದು.

ಇನ್ಸುಲಿನ್ ಬಗ್ಗೆ ಎರಡು ತಪ್ಪು ಬಹಳ ಕಾಣುತ್ತೇನೆ. ಒಂದು, ಬಿಸಿಯಾದ ಗಾಡಿಯಲ್ಲಿ ಹಾಗೆಯೇ ಬಿಡುವುದು. ಇನ್ನೊಂದು, ಕೆಡಬಾರದೆಂದು ನೇರವಾಗಿ ಬರ್ಫಿನಲ್ಲಿ ಹೂಳುವುದು. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸ ಮಾಡುವುದಿಲ್ಲ, ಕರಗಿದ ಮೇಲೂ ಮಾಡುವುದಿಲ್ಲ. ಅಗಲ ಬಾಯಿಯ ಥರ್ಮಾಸನ್ನು ತಣ್ಣೀರಿನಿಂದ ತಂಪು ಮಾಡಿ, ಒರೆಸಿ, ಬಟ್ಟೆಯಲ್ಲಿ ಸುತ್ತಿದ ಇನ್ಸುಲಿನ್ ಶೀಶೆಯನ್ನು ಅದರಲ್ಲಿ ಇಡಿ. ಅದೂ ಇಲ್ಲದಿದ್ದರೆ ಒಂದು ಸಣ್ಣ ಮಣ್ಣಿನ ಕುಡಿಕೆ, ಸುತ್ತ ಒದ್ದೆ ಬಟ್ಟೆ. ಹರಿವೆಯ ನೀರು ತಣ್ಣಗಾಗುವುದೂ ಇದೇ ಕ್ರಮದಿಂದ.

ನೀರು, ಮತ್ತು ಹೆಣ್ಣುಮಕ್ಕಳು ನೀರು ಕುಡಿಯದಿರುವುದು

ಮೇ ತಿಂಗಳ ಬಿಸಿಲಿನಲ್ಲಿ ನಾಲ್ಕೈದು ಗಂಟೆ ರಸ್ತೆಯ ಬದಿ ಕಳೆಯಬೇಕಾದರೆ ದೊಡ್ಡವರೊಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು ಲೆಕ್ಕ ಹಿಡಿಯಿರಿ. ಹನ್ನೆರಡು ಮಂದಿಗೆ 24 ಲೀಟರ್ ಆಯಿತು. ನಾನು ಹೇಳುವುದು 20 ಲೀಟರಿನ ಎರಡು ಕ್ಯಾನ್. ಒಂದು ಕುಡಿಯಲು ಮಾತ್ರ. ಇನ್ನೊಂದು ಕೈತೊಳೆಯಲು, ಶೌಚಕ್ಕೆ, ಕುಡಿಯುವ ನೀರು ತೀರಿದರೆ ಕುಡಿಯಲು ಕೂಡ. ರೇಡಿಯೇಟರಿನ ನೀರು ಬೇರೆ ಡಬ್ಬದಲ್ಲಿರಲಿ. ಕೂಲೆಂಟನ್ನು ಯಾವತ್ತೂ ಕುಡಿಯುವ ನೀರಿನ ಹಳೆಯ ಬಾಟಲಿಗೆ ತುಂಬಬೇಡಿ. ಸಾಮಾನ್ಯವಾಗಿ ಅದರಲ್ಲಿರುವ ರಾಸಾಯನಿಕ ಸಿಹಿಯಾಗಿರುತ್ತದೆ, ಬಣ್ಣ ಶರಬತ್ತಿನಂತೆ ಇರುತ್ತದೆ. ಮಗು ಕುಡಿದರೆ ಮೂತ್ರಪಿಂಡವೇ ಹಾಳಾಗುತ್ತದೆ.

ಓಆರ್‌ಎಸ್ ಪೊಟ್ಟಣ ಹತ್ತು ಇರಲಿ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಅರ್ಧ ಪೊಟ್ಟಣವನ್ನು ಅಂದಾಜಿನ ಮೇಲೆ ಲೋಟಕ್ಕೆ ಹಾಕುವುದು ಸರಿಯಲ್ಲ. ಪೊಟ್ಟಣ ಮುಗಿದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ. ಆರು ತಿಂಗಳೊಳಗಿನ ಕೂಸಿಗೆ ಸೆಖೆಯೆಂದು ನೀರು ಕುಡಿಸಬೇಡಿ. ತಾಯಿ ಚೆನ್ನಾಗಿ ನೀರು ಕುಡಿದು ಮತ್ತೆ ಮತ್ತೆ ಎದೆಗೆ ಹಿಡಿದರೆ ಸಾಕು. ಅದಕ್ಕಾಗಿ ಒಂದು ದೊಡ್ಡ ಚಾದರ್, ನಾಲ್ಕು ಕ್ಲಿಪ್ಪು ಪ್ರತ್ಯೇಕವಾಗಿ ಇಡಿ. ಮರೆಯಿಲ್ಲವೆಂದು ಕೂಸನ್ನು ಗಂಟೆಗಟ್ಟಲೆ ಅಳಿಸುವ ತಾಯಂದಿರನ್ನು ಕಂಡಿದ್ದೇನೆ.

ಈಗ ಸಂಕೋಚದ ಮಾತು, ಆದರೆ ಹೇಳಲೇಬೇಕು. ನಮ್ಮ ಮನೆಗಳ ಹೆಣ್ಣುಮಕ್ಕಳು ಪ್ರಯಾಣದ ದಿನ ಬೆಳಿಗ್ಗೆಯಿಂದಲೇ ನೀರು ಬಿಡುತ್ತಾರೆ. ದಾರಿಯಲ್ಲಿ ಶೌಚಾಲಯ ಸಿಗದು, ಗಾಡಿಯಲ್ಲಿ ಮಾವ, ಮೈದುನ ಇದ್ದಾರೆ, ನಿಲ್ಲಿಸಿ ಎಂದು ಹೇಗೆ ಹೇಳುವುದು ಎಂದು. ಗಾಡಿ ಕೆಟ್ಟರೆ ಆರು ಗಂಟೆಯ ತಡೆ ಹನ್ನೊಂದು ಗಂಟೆಯಾಗುತ್ತದೆ. ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಆಧಾರವಾದ ಆರು ಸಂಗತಿಗಳನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ಕೊನೆಯದಾಗಿ ಇಹ್ತಿಬಾಸ್ ಮತ್ತು ಇಸ್ತಿಫ್ರಾಗ್, ಅಂದರೆ ದೇಹದಲ್ಲಿ ಉಳಿಯಬೇಕಾದುದು ಉಳಿಯುವುದು, ಹೋಗಬೇಕಾದುದು ಹೋಗುವುದು. ರಸ್ತೆಯಲ್ಲಿ ನಿಂತ ಗಾಡಿ ಈ ಆರನ್ನೂ ಒಮ್ಮೆಲೇ ಕೆಡಿಸುತ್ತದೆ. ಇಬ್ನ್ ಸೀನಾ ತಮ್ಮ ‘ಅಲ್-ಕಾನೂನ್’ ಗ್ರಂಥದಲ್ಲಿ ಪ್ರಯಾಣಿಕರ ಪಥ್ಯಕ್ಕೆಂದೇ ಒಂದು ಭಾಗ ಬರೆದಿದ್ದಾರೆ. ಬಿಸಿಲು, ಚಳಿ, ಊರೂರಿಗೆ ಬದಲಾಗುವ ನೀರು, ಇವುಗಳ ಬಗ್ಗೆ ಸಾವಿರ ವರ್ಷದ ಹಿಂದೆ ಅವರು ಇಷ್ಟು ಯೋಚಿಸಿದ್ದರು. ಮೂತ್ರ ತಡೆದವರು ಸುಡುವ ಮೂತ್ರ, ಚಳಿಜ್ವರ, ಸೊಂಟದ ನೋವು ಹೊತ್ತು ದವಾಖಾನೆಗೆ ಬರುತ್ತಾರೆ. ಗರ್ಭಿಣಿಯರಲ್ಲಿ ಈ ಸೋಂಕು ಅಕಾಲ ಹೆರಿಗೆಗೂ ದಾರಿ ಮಾಡಬಹುದು.

ಪರಿಹಾರ ಗಂಡಸರ ಕೈಯಲ್ಲಿದೆ. ಯಾರೂ ಕೇಳುವ ಮೊದಲೇ ಎರಡು ಗಂಟೆಗೊಮ್ಮೆ ಪೆಟ್ರೋಲ್ ಪಂಪಿನಲ್ಲಿ ಗಾಡಿ ನಿಲ್ಲಿಸಿ. ನಡುದಾರಿಯಲ್ಲಿ ಕೆಟ್ಟರೆ ಇಬ್ಬರು ಹೆಣ್ಣುಮಕ್ಕಳು ಚಾದರ್ ಹಿಡಿದು ಹೊಲದ ಬದುವಿನ ಹತ್ತಿರ ಮರೆ ಮಾಡಿಕೊಳ್ಳಲಿ. ಪ್ರಾಸ್ಟೇಟ್ ಗ್ರಂಥಿ ಊದಿರುವ ಮುದುಕರಿಗೂ ಇದೇ ಮಾತು. ಅವರು ಹೇಳಿಕೊಳ್ಳುವುದಿಲ್ಲ, ಅಷ್ಟೆ.

ನೀರಿನ ಬಗ್ಗೆ ಇನ್ನೊಂದು ಪ್ರಶ್ನೆ ಯಾವಾಗಲೂ ಬರುತ್ತದೆ: ವುಝೂಗೆ ಏನು ಮಾಡುವುದು? ಕುಡಿಯಲು ಬೇಕಾದ ನೀರು ಮಾತ್ರ ಉಳಿದಿದ್ದರೆ ಅದನ್ನು ಕುಡಿಯಲು ಇಟ್ಟುಕೊಂಡು ತಯಮ್ಮುಮ್ ಮಾಡಲು ಅವಕಾಶವಿದೆ. ತಯಮ್ಮುಮ್‌ನ ಆದೇಶ ಕುರ್‌ಆನಿನ ಸೂರಾ ಅನ್ನಿಸಾ ಮತ್ತು ಸೂರಾ ಅಲ್‌ಮಾಇದಾದಲ್ಲಿದೆ. ವಿವರವನ್ನು ನಿಮ್ಮ ಮಸೀದಿಯ ಆಲಿಮರಿಂದ ಹೊರಡುವ ಮೊದಲೇ ಕೇಳಿಕೊಳ್ಳಿ. ಕೂಸಿನ ನೀರಿನಲ್ಲಿ ವುಝೂ ಮಾಡಿ ಆಮೇಲೆ ಊರು ಹುಡುಕುತ್ತ ಹೋಗುವುದು ದೀನ್ ಕೇಳಿದ ತ್ಯಾಗವಲ್ಲ. ಇನ್ನು ನಮಾಝಿಗೆ ಚಾಪೆ ಹಾಸುವ ಜಾಗ. ಗಾಡಿಯ ಹಿಂದಿನ ಡಾಂಬರಿನ ಅಂಚು ಸ್ವಚ್ಛವಾಗಿ ಕಾಣುತ್ತದೆಂದು ಅಲ್ಲಿ ಹಾಸುತ್ತಾರೆ. ಹಾಗೆ ಮಾಡಲೇಬೇಡಿ. ರಸ್ತೆಯಿಂದ ಇಳಿದು, ದೂರದ ಗಟ್ಟಿ ನೆಲದಲ್ಲಿ ನಿಲ್ಲಿ.

ಬುತ್ತಿಯ ಮಾತು

ಬಿರ್ಯಾನಿ ಕಟ್ಟಿಕೊಂಡು ಹೋಗುವ ಆಸೆ ಎಲ್ಲರಿಗೂ. ಬೇಯಿಸಿದ ಅನ್ನ, ಮಾಂಸ ಈ ಸೆಖೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗೆ ಇದ್ದರೆ ಅದರಲ್ಲಿ ರೋಗಾಣುಗಳು ಬೆಳೆಯತೊಡಗುತ್ತವೆ. ಅನ್ನದಲ್ಲಿ ಬೆಳೆಯುವ ಒಂದು ರೋಗಾಣುವಿನ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆಯಿಂದಲೂ ಗೊತ್ತಾಗುವುದಿಲ್ಲ. ಗಾಡಿ ಕೆಟ್ಟು ನಿಂತಲ್ಲಿ ಹನ್ನೆರಡು ಮಂದಿಗೆ ವಾಂತಿಭೇದಿ ಆದರೆ ಆ ಸ್ಥಿತಿಯನ್ನು ಊಹಿಸಿಕೊಳ್ಳಿ. ಬಿರ್ಯಾನಿಯನ್ನು ಮೊದಲ ನಿಲುಗಡೆಯಲ್ಲೇ, ಸವದತ್ತಿ ದಾಟುವ ಮುನ್ನ, ತಿಂದು ಮುಗಿಸಿ. ಕೆಟ್ಟು ನಿಂತಾಗಿನ ಬುತ್ತಿ ಬೇರೆಯೇ ಇರಬೇಕು. ಇದಕ್ಕೆ ನಮ್ಮ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ನೀರಿನಂಶವಿಲ್ಲದ್ದರಿಂದ ವಾರಗಟ್ಟಲೆ ಕೆಡುವುದಿಲ್ಲ. ಖರ್ಜೂರ, ಹುರಿದ ಕಡಲೆ, ಚುರಮುರಿ, ಬೆಲ್ಲ ಜೊತೆಗಿರಲಿ. ಲಿಂಬು ಮತ್ತು ಜೇನಿನ ಸಿಕಂಜಬೀನ್ ಒಂದು ಬಾಟಲಿ ಇದ್ದರೆ ಬಿಸಿಲಿನ ದಣಿವಿಗೆ, ವಾಕರಿಕೆಗೆ ಹಿತ. ಆದರೆ ಅದು ಓಆರ್‌ಎಸ್‌ಗೆ ಬದಲಿಯಲ್ಲ. ಸಕ್ಕರೆ ಕಾಯಿಲೆಯವರಿಗೆ ಮತ್ತು ಒಂದು ವರ್ಷದೊಳಗಿನ ಮಕ್ಕಳಿಗೆ ಅದು ಬೇಡ.

ಗಾಡಿ ನಿಂತ ಮೊದಲ ಐದು ನಿಮಿಷ

ಅಪಾಯದ ದೀಪ ಹಚ್ಚಿ ಗಾಡಿಯನ್ನು ಎಡಕ್ಕೆ ತೆಗೆಯಿರಿ. ಮಳೆಗಾಲವಾದರೆ ಡಾಂಬರು ಬಿಟ್ಟು ಪೂರ್ತಿ ಕೆಳಗಿಳಿಸುವ ಮುನ್ನ ನೆಲ ನೋಡಿ. ನಮ್ಮ ಎರೆ ಮಣ್ಣಿಗೆ ಒಮ್ಮೆ ಗಾಲಿ ಇಳಿದರೆ ಎತ್ತಲು ಟ್ರ್ಯಾಕ್ಟರೇ ಬೇಕು. ಎಲ್ಲರೂ ಎಡಬದಿಯ ಬಾಗಿಲಿನಿಂದ ಇಳಿಯಲಿ. ಗಾಡಿಯ ಹಿಂದೆಯಾಗಲಿ ಮುಂದೆಯಾಗಲಿ ಗುಂಪುಗೂಡಬಾರದು. ಹಿಂದಿನಿಂದ ಬಂದ ಲಾರಿ ಗುದ್ದಿದರೆ ಗಾಡಿ ಮುಂದೆ ನಿಂತವರ ಮೇಲೆಯೇ ಬರುತ್ತದೆ. ರಸ್ತೆಯಿಂದ ದೂರ, ಮರವಿದ್ದರೆ ಅದರ ನೆರಳಿಗೆ ಹೋಗಿ.

ಕೆಂಪು ತ್ರಿಕೋನವನ್ನು ಗಾಡಿಯ ಬುಡದಲ್ಲೇ ಇಟ್ಟರೆ ಪ್ರಯೋಜನವಿಲ್ಲ. ಗಂಟೆಗೆ 80 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. 50 ಮೀಟರ್ ದೂರ ಇಟ್ಟರೂ ಚಾಲಕನಿಗೆ ಸಿಗುವುದು ಎರಡು ಸೆಕೆಂಡು ಚಿಲ್ಲರೆ. ಕಿತ್ತೂರು ಮೂಲಕ ಹಾಯುವ 48ನೇ ರಾಷ್ಟ್ರೀಯ ಹೆದ್ದಾರಿಯಂಥಲ್ಲಿ 100 ಮೀಟರ್ ಇರಲಿ. ತ್ರಿಕೋನ ಇಲ್ಲದವರು ಗಿಡದ ಟೊಂಗೆ, ಕಲ್ಲು ಇಡುತ್ತಾರೆ. ಗಾಡಿ ಸರಿಯಾದ ಮೇಲೆ ಆ ಕಲ್ಲುಗಳನ್ನು ಅಲ್ಲೇ ಬಿಟ್ಟು ಹೊರಡುತ್ತಾರೆ. ರಾತ್ರಿ ಅದಕ್ಕೆ ತಾಗಿ ಬಿದ್ದ ಬೈಕ್ ಸವಾರರ ಗಾಯಗಳಿಗೆ ನಾನು ಪಟ್ಟಿ ಕಟ್ಟಿದ್ದೇನೆ. ದಾರಿಯಿಂದ ಕಂಟಕ ತೆಗೆಯುವುದನ್ನು ಸದಕಾ ಎಂದು ಕಲಿತ ನಾವೇ ಕಂಟಕ ಇಟ್ಟು ಬರುವುದು ಎಂಥದು? ಕಬ್ಬಿನ ಹಂಗಾಮಿನಲ್ಲಂತೂ ಹಿಂದೀಪವಿಲ್ಲದ ಟ್ರ್ಯಾಕ್ಟರ್‌ಗಳು ರಾತ್ರಿಯೆಲ್ಲ ಓಡಾಡುತ್ತವೆ. ಆ ದಿನಗಳಲ್ಲಿ ಇಶಾ ಮುಗಿಸಿ ಹೊರಡುವುದಕ್ಕಿಂತ ಫಜ್ರ್ ಮುಗಿಸಿ ಹೊರಡುವುದು ಮೇಲು.

ನಿಂತ ಗಾಡಿಯೊಳಗೆ ಮಗುವನ್ನು, ಮುದುಕರನ್ನು ಕೂರಿಸಿ ಗಾಜು ಏರಿಸಬೇಡಿ. ಬಿಸಿಲಿನಲ್ಲಿ ಮೊದಲ ಹತ್ತು ನಿಮಿಷಕ್ಕೇ ಒಳಗಿನ ಶಾಖ ಸುಮಾರು 10 ಡಿಗ್ರಿ ಏರುತ್ತದೆ. ಎಂಜಿನ್ ಚಾಲೂ ಇಟ್ಟು, ಏ.ಸಿ. ಹಾಕಿಕೊಂಡು ಮಲಗುವುದೂ ಬೇಡ. ಹೊಗೆ ಕೊಳವೆ ಒಡೆದಿದ್ದರೆ, ಕೆಸರಿನಿಂದ ಮುಚ್ಚಿದ್ದರೆ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿ ನಿದ್ರೆಯಲ್ಲೇ ಜೀವ ಹೋಗುತ್ತದೆ. ಬಿಸಿಲು ಬಡಿದು ಮಾತು ತಪ್ಪಿದವರಿಗೆ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈ ತುಂಬ ನೀರು ಹಾಕಿ ಗಾಳಿ ಬೀಸುತ್ತಿರಿ. 108 ಬರುವವರೆಗೂ ನಿಲ್ಲಿಸಬೇಡಿ. ಪರದೆಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಈ ಉಪಚಾರ ತಡವಾಗದಿರಲಿ. ಚಾದರಿನ ಮರೆಯಲ್ಲಿ ಹೆಣ್ಣುಮಕ್ಕಳೇ ಮಾಡಬಹುದು.

ರಿಪೇರಿಯಲ್ಲಿ ಆಗುವ ಗಾಯಗಳು

ಕುದಿಯುತ್ತಿರುವ ರೇಡಿಯೇಟರಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡ ಯುವಕರು ಪ್ರತಿ ಬೇಸಿಗೆ ಬರುತ್ತಾರೆ. ಅರ್ಧ ಗಂಟೆಯಾದರೂ ತಣಿಯಲು ಬಿಡಿ, ಮುಟ್ಟಿ ನೋಡಿ, ಆಮೇಲೆ ದಪ್ಪ ಬಟ್ಟೆ ಹಿಡಿದು ತಿರುಗಿಸಿ. ಸುಟ್ಟರೆ 20 ನಿಮಿಷ ತಣ್ಣೀರು ಹರಿಸಬೇಕು. ಟೂತ್‌ಪೇಸ್ಟ್, ಶಾಯಿ, ಗ್ರೀಸ್ ಹಚ್ಚಬೇಡಿ. ಬೊಬ್ಬೆ ಒಡೆಯಬೇಡಿ. ನಮ್ಮ ಯುನಾನಿ ಮುಲಾಮುಗಳನ್ನೂ ಆ ಹೊತ್ತಿಗೆ ಹಚ್ಚುವುದು ಬೇಡ. ಮೊದಲು ನೀರು, ಆಮೇಲೆ ವೈದ್ಯರು. ಬ್ಯಾಟರಿಯ ನೀರು ಕಣ್ಣಿಗೆ ಹಾರಿದರೂ ಅಷ್ಟೇ, ರೆಪ್ಪೆ ಬಿಡಿಸಿ 20 ನಿಮಿಷ ತೊಳೆಯುತ್ತಲೇ ಇರಿ.

ಇನ್ನೊಂದು ಚಟ, ಬಾಯಿಯಿಂದ ಪೈಪ್ ಎಳೆದು ಡೀಸೆಲ್ ತೆಗೆಯುವುದು. ಒಂದು ಗುಟುಕು ಹೊಟ್ಟೆಗೆ ಹೋಗುವುದಕ್ಕಿಂತ ನಾಲ್ಕು ಹನಿ ಶ್ವಾಸಕೋಶಕ್ಕೆ ಇಳಿಯುವುದು ಹೆಚ್ಚು ಅಪಾಯ. ನ್ಯುಮೋನಿಯಾದಂತೆ ಉಸಿರು ಕಟ್ಟುತ್ತದೆ. ನುಂಗಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿಯ ಜೊತೆ ಅದು ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಕೆಮ್ಮು ಶುರುವಾದರೆ ನೇರ ಆಸ್ಪತ್ರೆಗೆ. ಕೈಪಂಪು ಸಿಗುವಾಗ ಈ ಸಾಹಸ ಯಾಕೆ ಎಂದು ನನಗೆ ಅರ್ಥವಾಗಿಲ್ಲ.

ರಾತ್ರಿ ಕೆಟ್ಟರೆ ಬ್ಯಾಟರಿ ಲೈಟ್ ಇಲ್ಲದೆ ಹೊಲದ ಬದುವಿಗೆ, ಕಲ್ಲಿನ ರಾಶಿಗೆ ಹೋಗಬೇಡಿ. ಚಪ್ಪಲಿಯಲ್ಲ, ಬೂಟು ಹಾಕಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಮೂರೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ, ನಡೆಸದೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ವಿಷಕ್ಕೆ ಮದ್ದು ಅಲ್ಲಿನ ಚುಚ್ಚುಮದ್ದೇ. ನಮ್ಮಲ್ಲೂ ಬೇರೆ ಮದ್ದಿಲ್ಲ.

ಸಹಾಯ ಕೇಳುವಾಗ ಜಾಗ ಹೇಳಲು ಬರದೆ ಸಮಯ ಹೋಗುತ್ತದೆ. ರಸ್ತೆಯ ಬದಿಯ ಕಿಲೋಮೀಟರ್ ಕಲ್ಲು ನೋಡಿ. ತಲೆ ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ರಸ್ತೆಯ ಸಂಖ್ಯೆ, ಮುಂದಿನ ಊರು, ಎಷ್ಟು ಕಿ.ಮೀ. ಎಂದು ಓದಿ ಹೇಳಿ. ಆಂಬ್ಯುಲೆನ್ಸಿಗೆ 108, ಪೊಲೀಸ್ ಸೇರಿದಂತೆ ಎಲ್ಲ ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033. ಈ ಮೂರನ್ನು ಒಂದು ಹಾಳೆಯಲ್ಲಿ ಬರೆದು ಔಷಧಿಯ ಚೀಲಕ್ಕೆ ಅಂಟಿಸಿ. ಫೋನಿನ ಚಾರ್ಜು ಮುಗಿದಾಗ ಅದರೊಳಗಿನ ನಂಬರೂ ಮುಗಿಯುತ್ತದೆ.

ಊರಿಗೆ ಮರಳಿದ ಮೇಲೆ ಮೂರು ದಿನ ಹಿರಿಯರನ್ನು ಗಮನಿಸಿ. ಮೂತ್ರ ಕಡು ಹಳದಿಯಾಗಿ ಕಡಿಮೆ ಬರುತ್ತಿದ್ದರೆ, ಉರಿಯ ಜೊತೆ ಚಳಿಜ್ವರವಿದ್ದರೆ, ಬಹಳ ಹೊತ್ತು ಕೂತು ಬಂದವರ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರಿಗೆ ತೋರಿಸಿ. ಕಾಲು ಊತದ ಜೊತೆ ಉಸಿರು ಕಟ್ಟಿದರೆ ಅದೇ ಗಳಿಗೆಗೆ ದೊಡ್ಡ ಆಸ್ಪತ್ರೆಗೆ. ಔಷಧಿಯ ಚೀಲವನ್ನು ಬಿಚ್ಚಿ, ಖಾಲಿಯಾದ ಓಆರ್‌ಎಸ್ ತುಂಬಿ, ಅವಧಿ ಮುಗಿದ ಮಾತ್ರೆ ತೆಗೆದು, ಮುಂದಿನ ಪ್ರಯಾಣಕ್ಕೆ ಅದೇ ಗೂಟಕ್ಕೆ ನೇತು ಹಾಕಿ.